ಪತ್ತನಾಜೆಗೆ ಮೊದಲೇ ಪಾಲಿಸಿ: ಕಲಾವಿದರು ಮಾಡಬೇಕಾದ್ದು, ಮಾಡಬಾರದ್ದು

ಸಂಬಳದ ಚೀಟಿ ಇಲ್ಲದ ಕಲಾವಿದರಿಗಾಗಿ ಈ ಸೂಚನೆ. ಮೇಳದ ವೇಷಧಾರಿ, ಭಾಗವತ, ಮದ್ದಳೆಗಾರ, ಕಂಪನಿ ನಾಟಕದ ನಟಿ, ಆರ್ಕೆಸ್ಟ್ರಾ ಗಾಯಕ, ಧಾರಾವಾಹಿಯಲ್ಲಿ ದಿನಗೂಲಿಗೆ ಬಣ್ಣ ಹಚ್ಚುವವರು, ಮನೆಯ ಜಗಲಿಯಲ್ಲಿ ಭರತನಾಟ್ಯ ಕಲಿಸುವವರು ಎಲ್ಲರೂ ಓದಬೇಕು. ಉದಾಹರಣೆಗಳು ಹೆಚ್ಚಾಗಿ ಕರಾವಳಿಯ ಯಕ್ಷಗಾನದವು. ದೀಪಾವಳಿ ಕಳೆದು ಹೊರಡುವ ಮೇಳದ ತಿರುಗಾಟ ಪತ್ತನಾಜೆಯ ದಿನ ಮುಗಿಯುತ್ತದೆ. ದುಡ್ಡು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಅಲ್ಲಿ ಉಳಿದೆಲ್ಲ ಕಡೆಗಿಂತ ಸ್ಪಷ್ಟ. ಉಳಿದವರು ತಮ್ಮ ತಮ್ಮ ಹಂಗಾಮಿಗೆ ಹೊಂದಿಸಿಕೊಳ್ಳಲಿ.

ಶುರುವಿನಲ್ಲೇ ಒಂದು ಮಾತು. ಸಹಾಯಾರ್ಥ ಆಟ ವಿಮೆಯಲ್ಲ. ಕಲಾವಿದರೊಬ್ಬರು ಆಸ್ಪತ್ರೆ ಸೇರಿದರೆ ವಾಟ್ಸ್‌ಆ್ಯಪ್‌ನಲ್ಲಿ ಅವರ ಫೋಟೊ, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ, ತಿಂಗಳೊಳಗೆ ಒಂದು ಸಹಾಯಾರ್ಥ ಪ್ರದರ್ಶನ. ಇದು ಎಷ್ಟು ರೂಢಿಯಾಗಿದೆ ಎಂದರೆ ಇದನ್ನೇ ವ್ಯವಸ್ಥೆ ಅಂದುಕೊಂಡುಬಿಟ್ಟಿದ್ದೇವೆ. ಆ ಆಟ ನಡೆಯುವುದು ಹೆಸರು ಮಾಡಿದವರಿಗೆ. ಕೋಡಂಗಿ ವೇಷದ ಹುಡುಗನಿಗೆ, ಚೌಕಿಯಲ್ಲಿ ಕಿರೀಟ ಕಟ್ಟಿಕೊಡುವ ನೇಪಥ್ಯದವರಿಗೆ ಯಾರೂ ಟಿಕೆಟ್ ಮಾರುವುದಿಲ್ಲ.

ಮಾಡಬೇಕಾದ್ದು: ಕೈಯಲ್ಲಿರುವುದನ್ನು ಮೊದಲು ನೋಡಿ

ಖಾಸಗಿ ಪಾಲಿಸಿಯ ಬೆಲೆ ವಿಚಾರಿಸುವ ಮೊದಲು ಮನೆಯ ರೇಷನ್ ಕಾರ್ಡ್ ತೆಗೆದು ನೋಡಿ. ಬಿಪಿಎಲ್ ಆಗಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಕಂತು ಕಟ್ಟುವಂತಿಲ್ಲ. ಎಪಿಎಲ್ ಆಗಿದ್ದರೆ ಲೆಕ್ಕವೇ ಬೇರೆ. ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದ ಶೇ 70 ನಿಮ್ಮದು. "ನನ್ನ ಹತ್ತಿರ ಆಯುಷ್ಮಾನ್ ಕಾರ್ಡ್ ಉಂಟು" ಎಂದು ಎದೆ ತಟ್ಟಿಕೊಳ್ಳುವ ಎಪಿಎಲ್ ಕಲಾವಿದರಲ್ಲಿ ಹೆಚ್ಚಿನವರಿಗೆ ಈ ವ್ಯತ್ಯಾಸ ಗೊತ್ತಾಗುವುದು ಬಿಲ್ಲಿಂಗ್ ಕೌಂಟರಿನ ಎದುರು.

ಈ ಯೋಜನೆಯಲ್ಲಿ ತುರ್ತು ಅಲ್ಲದ ಕಾಯಿಲೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಬೇಡಿ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಸಿಗದಿದ್ದರೆ ಅವರೇ ರೆಫರಲ್ ಬರೆದುಕೊಡುತ್ತಾರೆ. ಕಾರ್ಡಿನ ವಿಷಯವನ್ನು ದಾಖಲಾಗುವಾಗಲೇ ಆಸ್ಪತ್ರೆಯಲ್ಲಿರುವ ಯೋಜನೆಯ ಆರೋಗ್ಯಮಿತ್ರರಿಗೆ ಹೇಳಿ. ಡಿಸ್ಚಾರ್ಜ್ ದಿನ ಕಾರ್ಡ್ ತೋರಿಸಿ ಪ್ರಯೋಜನವಿಲ್ಲ. ಕಾರ್ಡಿನ ಬಗ್ಗೆ ಸಂಶಯ ಇದ್ದರೆ 14555ಕ್ಕೆ ಕರೆ ಮಾಡಿ.

ಕಾಸರಗೋಡಿನಿಂದ ಬಂದು ನಮ್ಮ ಮೇಳಗಳಲ್ಲಿ ದುಡಿಯುವವರು ಗಮನಿಸಿ. ನೀವು ಯಾವ ಊರಿನಲ್ಲಿ ಕುಣಿಯುತ್ತೀರಿ ಎಂಬುದಲ್ಲ, ರೇಷನ್ ಕಾರ್ಡ್ ಯಾವ ರಾಜ್ಯದ್ದು ಎಂಬುದು ಲೆಕ್ಕ. ನಿಮ್ಮದು ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ. ಅಲ್ಲಿಯ ಅಕ್ಷಯ ಕೇಂದ್ರದಲ್ಲಿ ವಿಚಾರಿಸಿ.

ಎಪಿಎಲ್‌ನವರಿಗೆ ನಾನು ಮೊದಲು ಹೇಳುವುದು ಯಶಸ್ವಿನಿ. 2003ರಲ್ಲಿ ಶುರುವಾಗಿ, ನಡುವೆ ನಿಂತು, 2022ರ ಕೊನೆಗೆ ನೋಂದಣಿ ಮತ್ತೆ ತೆರೆದು, 2023ರಿಂದ ಮರಳಿ ನಡೆಯುತ್ತಿರುವ ಸಹಕಾರ ಇಲಾಖೆಯ ಯೋಜನೆ ಇದು. ಮರುಜಾರಿಯಾದಾಗ ಗೊತ್ತುಮಾಡಿದ ವಂತಿಗೆ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಂತರದ ಪ್ರತಿ ಸದಸ್ಯರಿಗೆ 100. ಪಟ್ಟಣದಲ್ಲಿ 1,000 ಮತ್ತು 200. ರಕ್ಷಣೆ ಕುಟುಂಬಕ್ಕೆ 5 ಲಕ್ಷದವರೆಗೆ. ಇದಕ್ಕೆ ಬೇಕಾದ್ದು ಸಹಕಾರ ಸಂಘದ ಸದಸ್ಯತ್ವ. ಕಲಾವಿದರಿಗೆ ಯಾವ ಸಹಕಾರ ಸಂಘ ಎಂದು ಕೇಳಬೇಡಿ. ನಿಮ್ಮಲ್ಲಿ ಅರ್ಧದಷ್ಟು ಮಂದಿಯ ಮನೆಯಿಂದ ಬೆಳಿಗ್ಗೆ ಹಾಲು ಡೇರಿಗೆ ಹೋಗುತ್ತದೆ, ಇಲ್ಲವೇ ಅಪ್ಪನ ಹೆಸರಿನಲ್ಲಿ ಕೃಷಿ ಪತ್ತಿನ ಸಂಘದಲ್ಲಿ ಷೇರು ಇರುತ್ತದೆ. ಕಾರ್ಯದರ್ಶಿಯನ್ನು ಕಂಡು ಮಾತಾಡಿ. ನೋಂದಣಿ ವರ್ಷಪೂರ್ತಿ ಇರುವುದಿಲ್ಲ. ಕೆಲವು ತಿಂಗಳಷ್ಟೇ ತೆರೆದಿರುತ್ತದೆ, ಅದು ಸಾಮಾನ್ಯವಾಗಿ ನಿಮ್ಮ ತಿರುಗಾಟದ ನಡುವೆಯೇ ಬೀಳುತ್ತದೆ. ರಾತ್ರಿ ಆಟ, ಹಗಲು ನಿದ್ದೆ ಎಂದು ಕೂತರೆ ದಿನ ಮುಗಿದಿರುತ್ತದೆ. ಮನೆಯವರಿಗೆ ಹೇಳಿಟ್ಟಿರಿ. ಒಂದು ಎಚ್ಚರಿಕೆ: ಯಶಸ್ವಿನಿಯ ಒತ್ತು ಶಸ್ತ್ರಚಿಕಿತ್ಸೆಯ ಮೇಲೆ. ಜ್ವರ, ಕೆಮ್ಮು, ತಿಂಗಳ ಮಾತ್ರೆಗಳಿಗೆ ಅದನ್ನು ನೆಚ್ಚಬೇಡಿ.

ಮನೆಯವರ ಕೆಲಸವನ್ನೂ ನೋಡಿ. ಹೆಂಡತಿ ಗೇರುಬೀಜದ ಕಾರ್ಖಾನೆಗೋ ಗಾರ್ಮೆಂಟ್ಸಿಗೋ ಹೋಗುತ್ತಿದ್ದು ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ, ಅವರ ಕಾರ್ಡಿನಲ್ಲಿ ಗಂಡ, ಮಕ್ಕಳ ಹೆಸರನ್ನೂ ಸೇರಿಸಬಹುದು. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಈ ಸೌಲಭ್ಯ. ಪರದೆಯ ಮುಂದೆ ಮಹಿಷಾಸುರನಾಗಿ ಅಬ್ಬರಿಸುವವರು ಹೆಂಡತಿಯ ಇಎಸ್‌ಐ ಕಾರ್ಡಿನಲ್ಲಿ ಹೆಸರು ಬರೆಸಲು ನಾಚಬೇಕಾಗಿಲ್ಲ.

ಮಾಡಬೇಕಾದ್ದು: ಪಾಲಿಸಿಯ ದಿನಾಂಕವನ್ನು ನೀವೇ ಗೊತ್ತುಮಾಡಿ

ಈ ಸೂಚನೆಯಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ನೆನಪಿಡಿ. ಪಾಲಿಸಿ ಮೊದಲ ಸಲ ಯಾವ ದಿನ ಶುರುವಾಗುತ್ತದೋ ಪ್ರತಿವರ್ಷ ಅದೇ ದಿನಕ್ಕೆ ನವೀಕರಣ ಬರುತ್ತದೆ. ಮಳೆಗಾಲದಲ್ಲಿ ಯಾರಿಗೋ ಡೆಂಗಿ ಬಂದದ್ದು ನೋಡಿ ಹೆದರಿ, ಸಾಲ ಮಾಡಿ ಜುಲೈಯಲ್ಲಿ ಪಾಲಿಸಿ ತೆಗೆದುಕೊಂಡರೆ ಮುಂದಿನ ಎಲ್ಲ ಕಂತುಗಳೂ ಜುಲೈಯಲ್ಲೇ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿ ಕಳೆಯುವ ತನಕ ಕೈಯಲ್ಲಿರುವುದು ಮನೆಮನೆ ಸುತ್ತುವ ಚಿಕ್ಕಮೇಳದ ಚಿಲ್ಲರೆ. ಆಗ ಒಂದೇ ಸಲಕ್ಕೆ ಇಷ್ಟು ಸಾವಿರ ಕಟ್ಟಿ ಎಂದರೆ ಎಲ್ಲಿಂದ ತರುತ್ತೀರಿ? ಕಲಾವಿದರ ಪಾಲಿಸಿಗಳು ಸಾಯುವುದು ಎರಡನೆಯ ವರ್ಷದ ಮಳೆಗಾಲದಲ್ಲಿ.

ಆದ್ದರಿಂದ ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಪಾಲಿಸಿ ಶುರುಮಾಡಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ನಾಟಕ ಕಂಪನಿಯವರು ಆ ಕಲೆಕ್ಷನ್ ಕೈಯಲ್ಲಿರುವಾಗಲೇ ಮಾಡಿಸಲಿ. ಮದುವೆ ಸೀಸನ್ ನಂಬಿದ ಆರ್ಕೆಸ್ಟ್ರಾದವರಿಗೆ ಮೇ ತಿಂಗಳು ಅನುಕೂಲ. ಕಂತಿನ ಹಣವನ್ನು ಆಟದ ಲೆಕ್ಕದಲ್ಲಿ ಎತ್ತಿಡಿ. ವರ್ಷದ ಕಂತು 18,000 ಎಂದಿಟ್ಟುಕೊಳ್ಳಿ, ತಿರುಗಾಟದಲ್ಲಿ 150 ಆಟ ಸಿಕ್ಕಿದರೆ ಆಟವೊಂದಕ್ಕೆ 120 ರೂಪಾಯಿ. ಅಂಚೆ ಕಚೇರಿಯ ಉಳಿತಾಯ ಖಾತೆ ಇದಕ್ಕೆ ಸಾಕು.

ತಿಂಗಳ ಕಂತಿನಲ್ಲೂ ಪಾಲಿಸಿ ಸಿಗುತ್ತದೆ. ತಿಂಗಳು ತಿಂಗಳೂ ಖಾತೆಯಲ್ಲಿ ಹಣ ಇರುವ ನಾಟ್ಯ ಶಿಕ್ಷಕರಿಗೆ ಅದು ಸರಿ. ಮೇಳದವರಿಗೆ ಬೇಡ. ತಿಂಗಳ ಕಂತಿಗೆ ಸಿಗುವ ರಿಯಾಯಿತಿ ಅವಧಿ 15 ದಿನ. ವಾರ್ಷಿಕ ಕಂತಿಗೆ 30. ಈ 30 ದಿನಗಳನ್ನು ತಪ್ಪು ತಿಳಿಯಬೇಡಿ. ಅಷ್ಟರೊಳಗೆ ಕಟ್ಟಿದರೆ ಹಳೆಯ ಪಾಲಿಸಿಯಲ್ಲಿ ಕಳೆದ ವರ್ಷಗಳ ಲೆಕ್ಕ ಉಳಿಯುತ್ತದೆ. ಆದರೆ ಪಾಲಿಸಿ ಮುಗಿದ ದಿನಕ್ಕೂ ನೀವು ಹಣ ಕಟ್ಟಿದ ದಿನಕ್ಕೂ ನಡುವೆ ಆಸ್ಪತ್ರೆ ಸೇರಿದರೆ ಆ ಖರ್ಚು ಸಿಗದು.

ಮಾಡಬೇಕಾದ್ದು: ಸಾದಾ ಪಾಲಿಸಿಯಿಂದ ಆರಂಭಿಸಿ

ಖಾಸಗಿ ಪಾಲಿಸಿ ಬೇಕೇ ಬೇಕು ಎಂದಾದಾಗ ಆರೋಗ್ಯ ಸಂಜೀವಿನಿ ಎಂಬ ಪಾಲಿಸಿಯನ್ನು ಹೆಸರು ಹೇಳಿ ಕೇಳಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2020ರ ಏಪ್ರಿಲ್ 1ರಿಂದ ಜಾರಿಗೆ ತಂದ ಏಕರೂಪದ ಪಾಲಿಸಿ ಇದು. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಷರತ್ತುಗಳು ಒಂದೇ, ಬೆಲೆ ಮಾತ್ರ ಬೇರೆ ಬೇರೆ. ನಾಲ್ಕು ಕಂಪನಿಗಳ ದರ ಬರೆಸಿಕೊಂಡು, ನಿಮ್ಮ ಪೇಟೆಯ ಯಾವ ಆಸ್ಪತ್ರೆಯಲ್ಲಿ ಯಾರ ಕ್ಯಾಶ್‌ಲೆಸ್ ನಡೆಯುತ್ತದೆ ಎಂದು ನೋಡಿ ಕಡಿಮೆಯದನ್ನು ಆರಿಸಿ. ಏಜೆಂಟರು ಇದನ್ನು ತಾವಾಗಿ ಎತ್ತುವುದಿಲ್ಲ. ಕಾರಣ ಊಹಿಸಿಕೊಳ್ಳಿ.

ಅದರ ಮಿತಿಗಳನ್ನೂ ತಿಳಿದಿರಿ. ಪ್ರತಿ ಕ್ಲೇಮಿನಲ್ಲಿ ಶೇ 5 ನೀವು ಕೊಡಬೇಕು. ರೂಮು ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ 2, ಹೆಚ್ಚೆಂದರೆ 5,000. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ 40,000 ಅಥವಾ ವಿಮಾ ಮೊತ್ತದ ಕಾಲು ಭಾಗ, ಯಾವುದು ಕಡಿಮೆಯೋ ಅದು.

ರೂಮು ಬಾಡಿಗೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜನ ಎಡವುವುದು ಇಲ್ಲೇ. ನಿಮ್ಮ ವಿಮಾ ಮೊತ್ತ 2 ಲಕ್ಷ, ಅಂದರೆ ನಿಮ್ಮ ಹಕ್ಕು ದಿನಕ್ಕೆ 4,000ದ ರೂಮು. ನೋಡಲು ಬರುವ ಅಭಿಮಾನಿಗಳ ಮುಂದೆ ಮರ್ಯಾದೆ ಎಂದು 8,000ದ ಸ್ಪೆಷಲ್ ರೂಮು ಹಿಡಿದಿರಿ. ಹೆಚ್ಚುವರಿ 4,000 ಕೊಟ್ಟರೆ ಮುಗಿಯಿತು ಅಂದುಕೊಂಡಿರಿ. ಮುಗಿಯುವುದಿಲ್ಲ. ನಿಮ್ಮ ಹಕ್ಕಿನ ದುಪ್ಪಟ್ಟು ರೂಮು ಹಿಡಿದ ಕಾರಣಕ್ಕೆ ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರಲ್ಲೂ ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅವೆಲ್ಲ ಸೇರಿ 60,000 ಆಗಿದ್ದರೆ ಕಂಪನಿ ಒಪ್ಪುವುದು 30,000, ಅದರಲ್ಲೂ ಶೇ 5 ಕಡಿತ. ಔಷಧದ ಬೆಲೆ ಮಾತ್ರ ಈ ಕತ್ತರಿಗೆ ಸಿಗುವುದಿಲ್ಲ. ಹಾಗಾಗಿ ದಾಖಲಾಗುವಾಗಲೇ ಕೇಳಿ: "ನನ್ನ ಪಾಲಿಸಿಯ ಮಿತಿಯೊಳಗಿನ ರೂಮು ಯಾವುದು?"

ಕುಟುಂಬಕ್ಕೆಲ್ಲ ಸೇರಿ ಒಂದು ಫ್ಲೋಟರ್ ತೆಗೆದುಕೊಳ್ಳುವುದು ಅಗ್ಗ, ಆದರೆ ಅದರಲ್ಲಿ ಅಪ್ಪ ಅಮ್ಮನನ್ನು ಸೇರಿಸಬೇಡಿ. ಕಂತು ನಿಗದಿಯಾಗುವುದು ಮನೆಯ ಅತಿ ಹಿರಿಯರ ವಯಸ್ಸಿನ ಮೇಲೆ. ಅವರಿಗೆ ಬೇರೆಯೇ ಮಾಡಿಸಿ. 60 ದಾಟಿದವರ ಕಂತನ್ನು ಪ್ರಾಧಿಕಾರದ ಜತೆ ಸಮಾಲೋಚಿಸದೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂಬ ನಿಯಮ 2025ರ ಜನವರಿಯಿಂದ ಇದೆ. ಹೆಚ್ಚು ಕೇಳಿದರೆ ಕಾರಣ ಕೇಳಿ.

ಇನ್ನೊಂದು ಒಳ್ಳೆಯ ಸುದ್ದಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಮೊದಲು ಶೇ 18 ಇತ್ತು, 10,000ದ ಕಂತಿಗೆ 1,800 ಹೆಚ್ಚು ಕಟ್ಟುತ್ತಿದ್ದೆವು. ಸಂಘದ ಮೂಲಕ ಮಾಡಿಸುವ ಗುಂಪು ಪಾಲಿಸಿಗಳಿಗೆ ಈ ವಿನಾಯಿತಿ ಇಲ್ಲ. ಎರಡರ ಬೆಲೆ ಹೋಲಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಮಾಡಬಾರದ್ದು

ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಕೂಡದು. ಇದು ನಡೆಯುವ ಕ್ರಮ ಹೀಗೆ. ಚೌಕಿಯಲ್ಲಿ ನೀವು ಮುಖಕ್ಕೆ ಬಣ್ಣ ತೀಡುತ್ತಿರುತ್ತೀರಿ. ಪಕ್ಕದಲ್ಲಿ ಕುಳಿತ ಏಜೆಂಟ್ ಮೊಬೈಲಿನಲ್ಲಿ ಅರ್ಜಿ ತುಂಬುತ್ತಿರುತ್ತಾರೆ. "ಶುಗರ್ ಉಂಟಾ ಭಟ್ರೇ?" "ಸ್ವಲ್ಪ ಉಂಟು, ಮಾತ್ರೆ ತಗೊಳ್ತೇನೆ." "ಸ್ವಲ್ಪ ಇದ್ದದ್ದನ್ನೆಲ್ಲ ಹಾಕುವುದು ಬೇಡ, ಕಂತು ಜಾಸ್ತಿ ಆಗ್ತದೆ." ಆಮೇಲೆ ಒಂದು ಒಟಿಪಿ ಬರುತ್ತದೆ, ನೀವು ಕನ್ನಡಿಯಿಂದ ಕಣ್ಣು ತೆಗೆಯದೆ ಅಂಕಿಗಳನ್ನು ಹೇಳುತ್ತೀರಿ. ಆ ಒಟಿಪಿ ನಿಮ್ಮ ಸಹಿ. ಎರಡು ವರ್ಷದ ಬಳಿಕ ಕಾಲಿನ ಗಾಯ ಮಾಗದೆ ಆಸ್ಪತ್ರೆ ಸೇರಿದಾಗ ಡಾಕ್ಟರು ಕೇಸ್ ಶೀಟಿನಲ್ಲಿ "ಎಂಟು ವರ್ಷದಿಂದ ಮಧುಮೇಹ" ಎಂದು ಬರೆಯುತ್ತಾರೆ. ಕ್ಲೇಮು ಅಲ್ಲಿಗೇ ಬಿತ್ತು. ಪಾಲಿಸಿಯನ್ನೇ ರದ್ದು ಮಾಡಲೂ ಅದು ಸಾಕು.

ಹೇಳಿಬಿಟ್ಟರೆ ಏನಾಗುತ್ತದೆ? ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ ಕಾಯಬೇಕು. 2024ರ ಏಪ್ರಿಲ್‌ವರೆಗೆ ಇದು 4 ವರ್ಷದ ತನಕ ಇತ್ತು. ಕಂತು ಸ್ವಲ್ಪ ಏರಬಹುದು. ಸತತ 5 ವರ್ಷ ಪಾಲಿಸಿ ನಡೆಸಿದ ಮೇಲೆ, ಮೋಸವನ್ನು ಸಾಬೀತು ಮಾಡದ ಹೊರತು, "ನೀವು ಅದನ್ನು ಹೇಳಿರಲಿಲ್ಲ" ಎಂಬ ಕಾರಣಕ್ಕೆ ಕಂಪನಿ ಕ್ಲೇಮು ತಳ್ಳಿಹಾಕುವಂತಿಲ್ಲ. ಬೀಡಿ, ಎಲೆಯಡಿಕೆ, ಕುಡಿತದ ಪ್ರಶ್ನೆಗಳಿಗೂ ನಿಜವನ್ನೇ ಬರೆಸಿ.

ಬಣ್ಣದ ಹೆಸರಿನಲ್ಲಿ ಪಾಲಿಸಿ ಮಾಡಿಸಕೂಡದು. ನಮ್ಮಲ್ಲಿ ಊರಿನ ಹೆಸರೇ ಅರ್ಧ ಹೆಸರು. ಕರಪತ್ರದಲ್ಲಿ ಒಂದು, ಆಧಾರಿನಲ್ಲಿ ತಂದೆಯ ಹೆಸರು ಸೇರಿ ಇನ್ನೊಂದು, ಬ್ಯಾಂಕಿನಲ್ಲಿ ಇನಿಶಿಯಲ್ ಮಾತ್ರ. ಆಸ್ಪತ್ರೆಗೆ ಕರೆದೊಯ್ದ ಗೆಳೆಯರು ಎಲ್ಲರಿಗೂ ಗೊತ್ತಿರುವ ಹೆಸರನ್ನೇ ಬರೆಸುತ್ತಾರೆ. ಪಾಲಿಸಿ, ಆಧಾರ್, ಬ್ಯಾಂಕ್ ಖಾತೆ, ಆಸ್ಪತ್ರೆಯ ದಾಖಲೆ ನಾಲ್ಕರಲ್ಲೂ ಅಕ್ಷರಶಃ ಒಂದೇ ಹೆಸರು ಇರಬೇಕು. ಆಧಾರಿನ ಪ್ರತಿಯನ್ನು ಬಣ್ಣದ ಪೆಟ್ಟಿಗೆಯಲ್ಲಿ ಇಟ್ಟಿರಿ, ಜತೆಯವರಿಗೂ ತಿಳಿಸಿರಿ.

"ಸಂಘದವರು ಮಾಡಿಸಿದ್ದಾರೆ" ಎಂದು ಸುಮ್ಮನಿರಕೂಡದು. ಯಾವ ಪಾಲಿಸಿ, ಯಾರ ಹೆಸರು ಪಟ್ಟಿಯಲ್ಲಿದೆ, ಯಾವ ದಿನ ಮುಗಿಯುತ್ತದೆ ಎಂದು ಕಾಗದ ಕೇಳಿ ಪಡೆಯಿರಿ. ಸನ್ಮಾನದ ಶಾಲಿನ ಜತೆ ಘೋಷಣೆಯಾಗುವ ವಿಮೆ ಹಲವು ಸಲ ಅಪಘಾತ ವಿಮೆ ಮಾತ್ರ. ಅಪೆಂಡಿಕ್ಸಿಗೆ ಅದು ಬಿಡಿಗಾಸು ಕೊಡುವುದಿಲ್ಲ. ಮೇಳ ಬಿಟ್ಟರೆ, ಸದಸ್ಯತ್ವ ತಪ್ಪಿದರೆ ಗುಂಪು ಪಾಲಿಸಿ ಹೋಗುತ್ತದೆ. ಹೋಗುವ ಮೊದಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಿ.

ಇಪ್ಪತ್ತು ರೂಪಾಯಿಯ ವಿಮೆಯನ್ನು ಆರೋಗ್ಯ ವಿಮೆ ಎಂದು ಎಣಿಸಕೂಡದು. ಬ್ಯಾಂಕಿನವರು ವರ್ಷಕ್ಕೆ 20 ರೂಪಾಯಿ ಕಡಿತ ಮಾಡುವುದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ. ಖಂಡಿತ ಇಟ್ಟುಕೊಳ್ಳಿ, ಆದರೆ ಆಸ್ಪತ್ರೆಯ ಬಿಲ್ಲನ್ನು ಅದು ಕಟ್ಟುವುದಿಲ್ಲ. ಬ್ಯಾಂಕಿನವರೇ ಕಡಿತ ಮಾಡುವ 436 ರೂಪಾಯಿಯದ್ದು ಜೀವ ವಿಮೆ. ಇ-ಶ್ರಮ್ ಕಾರ್ಡ್ ನೋಂದಣಿಯ ಗುರುತು. ಸರ್ಕಾರದ ಕಲಾವಿದರ ಮಾಸಾಶನ ಬರುತ್ತಿದೆ ಎಂದರೂ ಚಿಕಿತ್ಸೆಯ ರಕ್ಷಣೆ ಇದೆ ಎಂದಲ್ಲ. ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ಟಿಕೆಟ್ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕುವ ಮಸೂದೆಗೆ 2024ರ ಜುಲೈಯಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು, ಸಂತೋಷ. ಅದರಿಂದ ಏನೋ ಬರುತ್ತದೆ ಎಂದು ಈ ವರ್ಷದ ಪಾಲಿಸಿ ಮುಂದೂಡಬೇಡಿ.

ರಿಯಾಯಿತಿ ಕಾರ್ಡ್ ಕೊಳ್ಳಕೂಡದು. ಜಾತ್ರೆಯಲ್ಲಿ ಮೇಜು ಹಾಕಿ "ಹೆಲ್ತ್ ಕಾರ್ಡ್" ಮಾರುವವರು ಬಿಲ್ಲಿನಲ್ಲಿ ಇಷ್ಟು ಶೇಕಡಾ ಕಡಿಮೆ ಎನ್ನುತ್ತಾರೆ, ಅಷ್ಟೆ. ವಿಮೆಯಾದರೆ ಕಂಪನಿಗೆ ಐಆರ್‌ಡಿಎಐ ನೋಂದಣಿ ಸಂಖ್ಯೆ, ಪಾಲಿಸಿಗೆ ಯುಐಎನ್ ಸಂಖ್ಯೆ ಇರಲೇಬೇಕು. ಏಜೆಂಟರ ಸ್ವಂತ ಫೋನ್‌ಪೇಗೆ ಕಂತು ಹಾಕಬೇಡಿ. ಪರಿಚಯದವರಾದರೂ, ಸಂಬಂಧಿಕರಾದರೂ ಬೇಡ.

ಮೈ ಮುರಿದು ದುಡಿಯುವವರಿಗೆ

ಧಿಗಿಣದ ಸುತ್ತು ಹಾಕಿ ಹಾಕಿ ಮಂಡಿ ಸವೆಯುತ್ತದೆ, ಏರುಶ್ರುತಿಯಲ್ಲಿ ಹಾಡಿ ಗಂಟಲಿನ ಧ್ವನಿತಂತುಗಳಲ್ಲಿ ಗಂಟು ಕಟ್ಟುತ್ತದೆ. ಇವು ದಿಢೀರ್ ಬರುವ ಕಾಯಿಲೆಗಳಲ್ಲ. ಮಂಡಿ ಬದಲಾವಣೆ, ಹರ್ನಿಯ, ಮೂಲವ್ಯಾಧಿ, ಕಣ್ಣಿನ ಪೊರೆ ಮುಂತಾದವಕ್ಕೆ ಪಾಲಿಸಿ ಶುರುವಾದ ಮೇಲೆ 2ರಿಂದ 3 ವರ್ಷ ಕಾಯಬೇಕು. ಯಾವುದೇ ಕಾಯಿಲೆಗೆ, ಅಪಘಾತ ಬಿಟ್ಟು, ಮೊದಲ 30 ದಿನ ಏನೂ ಇಲ್ಲ. ನೋವು ಶುರುವಾದ ಮೇಲೆ ಪಾಲಿಸಿ ಹುಡುಕುವವರಿಗೆ ಹೇಳಲು ನನ್ನಲ್ಲಿ ಸಿಹಿ ಮಾತಿಲ್ಲ. ಹೊರರೋಗಿಯಾಗಿ ತೋರಿಸಿದ್ದು, ಫಿಸಿಯೋಥೆರಪಿ, ಎಣ್ಣೆ ಕಿಳಿ ಹಾಕಿಸಿಕೊಂಡದ್ದು ಸಾಮಾನ್ಯ ಪಾಲಿಸಿಗಳಲ್ಲಿ ಬರುವುದಿಲ್ಲ.

ಪಾಲಿಸಿ ಆಸ್ಪತ್ರೆಯ ಖರ್ಚು ಕೊಡುತ್ತದೆ, ತಪ್ಪಿಹೋದ ಆಟದ ಸಂಭಾವನೆ ಕೊಡುವುದಿಲ್ಲ. ಕಾಲು ಮುರಿದು ಎರಡು ತಿಂಗಳು ಮಲಗಿದರೆ ಮನೆ ನಡೆಯುವುದು ಹೇಗೆ? ವೈಯಕ್ತಿಕ ಅಪಘಾತ ಪಾಲಿಸಿಯಲ್ಲಿ ತಾತ್ಕಾಲಿಕ ಅಶಕ್ತತೆಗೆ ವಾರದ ಲೆಕ್ಕದಲ್ಲಿ ಹಣ ಕೊಡುವ ಸೌಲಭ್ಯವಿದೆಯೇ ಎಂದು ಕೇಳಿ ಅದನ್ನು ಸೇರಿಸಿಕೊಳ್ಳಿ. ನರ್ತಕರಿಗೆ ಇದು ಆರೋಗ್ಯ ವಿಮೆಯಷ್ಟೇ ಮುಖ್ಯ. ಉದ್ಯೋಗದ ಕಾಲಮಿನಲ್ಲಿ "ವ್ಯಾಪಾರ" ಎಂದು ಬರೆಸಬೇಡಿ, ಕಲಾವಿದ ಎಂದೇ ಬರೆಸಿ. ಸಾಹಸ ದೃಶ್ಯ ಮಾಡುವವರು ಅದನ್ನೂ ಹೇಳಬೇಕು.

ಬೆಳಗಿನ ಜಾವ ಆಟ ಮುಗಿಸಿ ನಿದ್ದೆಗಣ್ಣಿನಲ್ಲಿ ಬೈಕ್ ಓಡಿಸಿ ಮನೆಗೆ ಹೋಗಬೇಡಿ ಎಂದು ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ. ಕನಿಷ್ಠ ಬೈಕಿನ ವಿಮೆಯಲ್ಲಿ ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ ಚಾಲ್ತಿಯಲ್ಲಿದೆಯೇ ನೋಡಿ. ಹೊಸ ಬೈಕಿನ ಮೊದಲ ವರ್ಷ ಅದು ಇರುತ್ತದೆ, ಆಮೇಲೆ ಸದ್ದಿಲ್ಲದೆ ತಪ್ಪಿರುತ್ತದೆ. ಲೈಸೆನ್ಸ್ ಇಲ್ಲದಿದ್ದರೆ, ಕುಡಿದಿದ್ದರೆ ಸಿಗದು. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷದ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಇದೆ. ಜತೆಗಿರುವವರು ಆಸ್ಪತ್ರೆಯಲ್ಲಿ ಅದನ್ನು ಕೇಳಬೇಕು.

ಕಾಗದ, ಕ್ಲೇಮು, ಜಗಳ

ಪಾಲಿಸಿ ಕೈಗೆ ಬಂದ 30 ದಿನದೊಳಗೆ ಓದಿ. ಹೇಳಿದ್ದೊಂದು ಬರೆದದ್ದೊಂದು ಆಗಿದ್ದರೆ ಅಷ್ಟರಲ್ಲಿ ಹಿಂದಿರುಗಿಸಬಹುದು. ಕಂಪನಿ ಬದಲಾಯಿಸುವುದಿದ್ದರೆ ನವೀಕರಣದ ದಿನಕ್ಕೆ 45 ದಿನ ಮೊದಲೇ ಪೋರ್ಟ್ ಅರ್ಜಿ ಕೊಡಿ, ಕಾದ ವರ್ಷಗಳು ಜತೆಯಲ್ಲೇ ಬರುತ್ತವೆ. ಹಳೆಯದನ್ನು ಬಿಟ್ಟು ಹೊಸದಾಗಿ ಕೊಂಡರೆ ಕಾಯುವುದು ಮತ್ತೆ ಒಂದರಿಂದ.

ಆಪರೇಷನ್ ಮೊದಲೇ ಗೊತ್ತಿದ್ದರೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಿ. ತುರ್ತಾದರೆ ದಾಖಲಾದ 24 ಗಂಟೆಯೊಳಗೆ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜಿನ ಕೊನೆಯ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಕಂಪನಿ ಉತ್ತರಿಸಬೇಕೆಂದು ಐಆರ್‌ಡಿಎಐಯ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಸಂಜೆಯವರೆಗೆ ಕಾಯಿಸಿದರೆ ಆ ಸುತ್ತೋಲೆಯ ಹೆಸರು ಹೇಳಿ. ನೀವೇ ಹಣ ಕಟ್ಟಿದ್ದರೆ ಮೂಲ ಬಿಲ್ಲು, ಡಿಸ್ಚಾರ್ಜ್ ಸಾರಾಂಶ, ಔಷಧದ ಚೀಟಿಗಳನ್ನು 30 ದಿನದೊಳಗೆ ಕೊಟ್ಟು, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ದಾಖಲಾಗುವ ಮೊದಲಿನ 30 ದಿನ ಮತ್ತು ಬಿಡುಗಡೆಯಾದ ಮೇಲಿನ 60 ದಿನದ ಪರೀಕ್ಷೆ, ಔಷಧಗಳ ಖರ್ಚನ್ನೂ ಆರೋಗ್ಯ ಸಂಜೀವಿನಿ ಕೊಡುತ್ತದೆ. ಆ ಚೀಟಿಗಳನ್ನು ಎಸೆಯಕೂಡದು.

ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಏಜೆಂಟರ ಬಾಯಿಮಾತು ಸಾಲದು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, 155255ಕ್ಕೆ ಕರೆ ಮಾಡಿ ಐಆರ್‌ಡಿಎಐಯ ದೂರು ವ್ಯವಸ್ಥೆಯಾದ ಬಿಮಾ ಭರೋಸಾದಲ್ಲೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ. ಕಾಸರಗೋಡಿನವರಿಗೆ ಕೊಚ್ಚಿ. 50 ಲಕ್ಷದವರೆಗಿನ ತಕರಾರನ್ನು ಅವರು ನೋಡುತ್ತಾರೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಕ್ಲೇಮಿನ ಕಾಗದಗಳ ಪ್ರತಿ ಮತ್ತು ತಿರಸ್ಕಾರದ ಪತ್ರ ಇಲ್ಲದೆ ಮಾತ್ರ ಹೋಗಬೇಡಿ.